ಡಬ್ಬಿಯ ದುಡ್ಡಿಗೊಂದು ಹೆಸರು

ಹಬ್ಬಕ್ಕೆ ಇನ್ನೆಂಟು ದಿನ ಎನ್ನುವಾಗ ಅಟ್ಟದ ಮೇಲಿನದೆಲ್ಲ ನಡುಮನೆಗೆ ಇಳಿಯುತ್ತದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು, ಟ್ರಂಕಿಗೆ ಬಿಸಿಲು, ರೇಷ್ಮೆ ಸೀರೆಗಳಿಗೆ ಗಾಳಿ. ಆ ಗಲಾಟೆಯ ನಡುವೆ ಬೀದಿಗೊಂದು ಮನೆಯಲ್ಲಾದರೂ ಏನಾದರೊಂದು ಸಿಕ್ಕೇ ಸಿಗುತ್ತದೆ: ಸೀರೆಯ ಮಡಿಕೆಯಲ್ಲಿ ಎರಡು ಐನೂರರ ನೋಟು, ಉದ್ದಿನಬೇಳೆ ಡಬ್ಬಿಯ ತಳದಲ್ಲಿ ಪ್ಲಾಸ್ಟಿಕ್ ಕವರಿನ ಸುರುಳಿ, ದೇವರ ಪಟದ ಹಿಂದೆ ಅರಿಶಿನ ಬಟ್ಟೆಯ ಗಂಟು, ಯಾವುದೋ ಕಾಲದ ಪಾಸ್‌ಬುಕ್ಕು. ಸಿಕ್ಕವರಿಗೆ ಲಾಟರಿ ಹೊಡೆದ ಸಂಭ್ರಮ. ಇಟ್ಟವರಿಗೆ ಮಾತ್ರ ತುಸು ಇರುಸುಮುರುಸು, ಏಕೆಂದರೆ ಇನ್ನು ಮೇಲೆ ಆ ಜಾಗ ಎಲ್ಲರಿಗೂ ಗೊತ್ತು.

ಹೆಂಗಸರ ಸಾಸಿವೆ ಡಬ್ಬಿಯನ್ನು ನಾವು ನಗೆಯ ವಸ್ತು ಮಾಡಿಕೊಂಡು ಬಹಳ ವರ್ಷಗಳಾದವು. ಅದರ ಮೇಲೆ ಬಂದಷ್ಟು ಹನಿಗವನ, ಚುಟುಕು, ನಾಟಕದ ಹಾಸ್ಯ ಅಡುಗೆಮನೆಯ ಬೇರೆ ಯಾವ ಪಾತ್ರೆಯ ಮೇಲೂ ಬಂದಿರಲಾರದು. ಹಣಕಾಸು ಪಂಡಿತರದು ಇನ್ನೊಂದು ರಾಗ. ಮನೆಯಲ್ಲಿ ನಗದು ಇಟ್ಟರೆ ಬಡ್ಡಿಯಿಲ್ಲ, ಬೆಲೆಯೇರಿಕೆ ಅದನ್ನು ತಿಂದುಹಾಕುತ್ತದೆ ಎನ್ನುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರುತ್ತ ಹೋದರೆ, ಇವತ್ತು ಡಬ್ಬಿಗೆ ಹಾಕಿದ 1,000 ರೂಪಾಯಿಗೆ ಹತ್ತು ವರ್ಷದ ನಂತರ ಬರುವುದು ಈಗಿನ 614 ರೂಪಾಯಿಯಷ್ಟು ಸಾಮಾನು. ಆದರೂ ಈ ಡಬ್ಬಿ ಬ್ಯಾಂಕಿನ ಕೈಯಲ್ಲಾಗದ ಒಂದು ಕೆಲಸ ಮಾಡುತ್ತದೆ. ಅದೇನೆಂದು ತಿಳಿಯದೆ ಡಬ್ಬಿಯನ್ನು ಹೀಯಾಳಿಸಬಾರದು. ತಿಳಿದ ಮೇಲೂ ಇದ್ದದ್ದನ್ನೆಲ್ಲ ಅದರಲ್ಲೇ ಇಡಬಾರದು.

ಮೊದಲು ಈ ದುಡ್ಡಿನ ಮೂಲ ನೋಡೋಣ. ಸಂಬಳ ತರುವವರು ತಿಂಗಳ ಖರ್ಚಿಗೆಂದು ಕೊಟ್ಟದ್ದರಲ್ಲಿ ಉಳಿದದ್ದು ಒಂದು ಪಾಲು ಮಾತ್ರ. ಸೊಪ್ಪಿನ ಕಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಿದ್ದು, ಹಳೇ ಪೇಪರು ಮತ್ತು ಹಾಲಿನ ಖಾಲಿ ಕವರು ತೂಕಕ್ಕೆ ಹಾಕಿದ್ದು, ಮಂಗಳೂರಿನ ಕಡೆ ಬೀಡಿ ಕಟ್ಟಿದ್ದು, ಮೈಸೂರು–ಮಂಡ್ಯದ ಕಡೆ ಡೇರಿಗೆ ಹಾಲು ಹಾಕಿದ್ದು, ಪೇಟೆಯಲ್ಲಿ ಸೀರೆಗೆ ಫಾಲ್ಸ್ ಹಾಕಿಕೊಟ್ಟದ್ದು, ಹೂ ಕಟ್ಟಿದ್ದು. ಗೌರಿ ಹಬ್ಬಕ್ಕೆ ತವರಿನಿಂದ ಅರಿಶಿನ ಕುಂಕುಮಕ್ಕೆಂದು ಬಂದದ್ದು, ಉತ್ತರ ಕರ್ನಾಟಕದಲ್ಲಾದರೆ ಪಂಚಮಿಗೆ ಕರೆಯಲು ಬಂದ ಅಣ್ಣ ಕೈಗಿತ್ತದ್ದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಪುಣ್ಯದಿಂದ ಬಸ್ ಟಿಕೆಟ್ಟಿನ ದುಡ್ಡೂ ಇದಕ್ಕೆ ಸೇರಿತು. ಇಷ್ಟೆಲ್ಲ ಕಾಲುವೆಗಳಿಂದ ಬಂದದ್ದನ್ನು ‘ಗಂಡನ ಜೇಬಿನಿಂದ ಕದ್ದದ್ದು’ ಎಂದು ನಕ್ಕುಬಿಡುವುದು ಸುಲಭ.

ಜೂನ್ ತಿಂಗಳು ಬಂತೆಂದರೆ ಈ ದುಡ್ಡಿನ ಬೆಲೆ ಮನೆಗೆ ಗೊತ್ತಾಗುತ್ತದೆ. ಮಗಳ ಫೀಸು ಕಟ್ಟಲು ಮೂರು ಸಾವಿರ ಕಡಿಮೆ ಬಿದ್ದು ಗಂಡ ತಲೆಯ ಮೇಲೆ ಕೈಹೊತ್ತಾಗ ಹೆಂಡತಿ ಒಳಗೆ ಹೋಗಿ ಬರುತ್ತಾಳೆ. ‘ತಗೊಳ್ಳಿ.’ ‘ಎಲ್ಲಿತ್ತೇ ಇದು?’ ‘ಎಲ್ಲೋ ಇತ್ತು ಬಿಡಿ.’ ಈ ಮೂರು ಮಾತು ಆಡದ ಮನೆ ಕನ್ನಡ ನಾಡಿನಲ್ಲಿ ಕಡಿಮೆ. ಆ ದುಡ್ಡು ಹಿಂತಿರುಗಿ ಡಬ್ಬಿಗೆ ಬರುವ ಮನೆಗಳು ಅದಕ್ಕಿಂತಲೂ ಕಡಿಮೆ.

ಎಲ್ಲ ಮನೆಗಳ ಗುಟ್ಟೂ ಒಟ್ಟಿಗೆ ರಟ್ಟಾದ ಒಂದು ರಾತ್ರಿ ಇದೆ. 2016ರ ನವೆಂಬರ್ 8. ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂಬ ಘೋಷಣೆ ಟಿವಿಯಲ್ಲಿ ಬಂದಾಗ ಚಲಾವಣೆಯಲ್ಲಿದ್ದ ಒಟ್ಟು ಹಣದ ಮೌಲ್ಯದಲ್ಲಿ ಸುಮಾರು ಶೇ 86 ಆ ಎರಡು ನೋಟುಗಳಲ್ಲೇ ಇತ್ತು. ಬ್ಯಾಂಕಿಗೆ ಕಟ್ಟಲು ಡಿಸೆಂಬರ್ 30ರ ತನಕ ಗಡುವು. ಹೆಂಗಸರಿಗೆ ಬೇರೆ ದಾರಿಯೇ ಇರಲಿಲ್ಲ. ಅಕ್ಕಿ ಡ್ರಮ್ಮಿನಿಂದ, ಹಾಸಿಗೆಯ ಅಡಿಯಿಂದ, ಹೊಲಿಗೆ ಯಂತ್ರದ ಡ್ರಾಯರಿನಿಂದ ನೋಟುಗಳು ಹೊರಬಂದವು. ತನ್ನ ಹೆಸರಿನಲ್ಲಿ ಖಾತೆಯಿಲ್ಲದವಳು ಗಂಡನ ಅಥವಾ ಮಗನ ಕೈಗೆ ಅದನ್ನು ಕೊಡಬೇಕಾಯಿತು. ಕಪ್ಪುಹಣ ಎಷ್ಟು ಸಿಕ್ಕಿತೆಂಬ ವಾದ ಇವತ್ತಿಗೂ ಮುಗಿದಿಲ್ಲ. ರಿಸರ್ವ್ ಬ್ಯಾಂಕಿನ ಲೆಕ್ಕದ ಪ್ರಕಾರ ರದ್ದಾದ ನೋಟುಗಳಲ್ಲಿ ಶೇ 99.3 ವಾಪಸು ಬಂದಿತ್ತು. ಆದರೆ ಹೆಂಗಸರ ಎಷ್ಟು ವರ್ಷದ ಸ್ವಾತಂತ್ರ್ಯ ಆ ಐವತ್ತು ದಿನಗಳಲ್ಲಿ ಕೈತಪ್ಪಿತು ಎಂಬುದಕ್ಕೆ ಯಾರೂ ಲೆಕ್ಕ ಇಡಲಿಲ್ಲ.

ಅದರ ಬಾಲವಾಗಿ ಒಂದು ಮೊಕದ್ದಮೆ ಬಂತು. ಆ ದಿನಗಳಲ್ಲಿ ತನ್ನ ಖಾತೆಗೆ 2,11,500 ರೂಪಾಯಿ ಕಟ್ಟಿದ್ದ ಗೃಹಿಣಿಯೊಬ್ಬರಿಗೆ ಆದಾಯ ತೆರಿಗೆ ಅಧಿಕಾರಿಗಳು, ಇದು ಎಲ್ಲಿಂದ ಬಂತೆಂದು ಕೇಳಿ, ವಿವರಣೆಯಿಲ್ಲದ ಹಣವೆಂದು ತೆರಿಗೆ ಹಾಕಿದರು. ಗಂಡ, ಮಗ, ಬಂಧುಗಳು ಕೊಟ್ಟದ್ದರಲ್ಲಿ ಉಳಿಸಿದ್ದು ಎಂಬುದು ಆಕೆಯ ಉತ್ತರ. 2021ರ ಜೂನ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಆಗ್ರಾ ಪೀಠ ಆ ಉತ್ತರವನ್ನು ಒಪ್ಪಿತು. ನೋಟು ರದ್ದತಿಯ ಸಮಯದಲ್ಲಿ ಗೃಹಿಣಿಯರು ಕಟ್ಟಿದ ಎರಡೂವರೆ ಲಕ್ಷದವರೆಗಿನ ಮೊತ್ತವನ್ನು ಹೀಗೆ ಅವರ ಆದಾಯವೆಂದು ಹಿಡಿಯಲಾಗದು, ಇಂಥ ಬೇರೆ ಪ್ರಕರಣಗಳಿಗೂ ಈ ತೀರ್ಪನ್ನು ಮೇಲ್ಪಂಕ್ತಿಯಾಗಿ ತೆಗೆದುಕೊಳ್ಳಬಹುದು ಎಂದಿತು. ಸಾಸಿವೆ ಡಬ್ಬಿಗೆ ನ್ಯಾಯಪೀಠವೊಂದು ಕೊಟ್ಟ ಮರ್ಯಾದೆ ಇದು. ನನ್ನ ಮಟ್ಟಿಗೆ ಆ ವರ್ಷದ ಒಳ್ಳೆಯ ಸುದ್ದಿಗಳಲ್ಲೊಂದು.

ಇದು ಎಷ್ಟು ದೊಡ್ಡ ಮಾತೆಂದು ತಿಳಿಯಲು ಇಂಗ್ಲೆಂಡಿನ ಕಡೆ ಒಮ್ಮೆ ತಿರುಗಿ ನೋಡಬೇಕು. 1943ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬ್ಲ್ಯಾಕ್‌ವೆಲ್ ದಂಪತಿಯ ಮೊಕದ್ದಮೆ ಬಂದಿತ್ತು. ಮನೆಖರ್ಚಿಗೆ ಕೊಟ್ಟ ಹಣದಲ್ಲಿ ಹೆಂಡತಿ ಉಳಿಸಿ ಸಹಕಾರಿ ಸಂಘದಲ್ಲಿ ಇಟ್ಟದ್ದು ನೂರಕ್ಕೆ ತುಸು ಹೆಚ್ಚು ಪೌಂಡು. ಗಂಡ ಹೆಂಡತಿ ಬೇರೆಯಾದಾಗ ಅದು ಯಾರಿಗೆ ಸೇರಬೇಕು? ಗಂಡನಿಗೆ ಎಂದಿತು ನ್ಯಾಯಾಲಯ. ದುಡ್ಡು ಅವನದು, ಉಳಿದದ್ದೂ ಅವನದು. ಉಳಿಸಿದ ಜಾಣ್ಮೆಗೆ ಅಲ್ಲಿ ಚಿಕ್ಕಾಸಿನ ಬೆಲೆಯಿರಲಿಲ್ಲ. ಅಂಥ ಉಳಿತಾಯದಲ್ಲಿ ಗಂಡ ಹೆಂಡತಿಗೆ ಸಮಪಾಲು ಎಂಬ ಕಾನೂನು ಅಲ್ಲಿ ಬಂದದ್ದು 1964ರಲ್ಲಿ.

ಉಳಿಸುವುದೂ ಒಂದು ದುಡಿಮೆಯೇ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕಳೆಯುವ ಸಮಯ ಸರಾಸರಿ 289 ನಿಮಿಷ. ಆ ಕೆಲಸಕ್ಕೆ ಕೈಹಾಕುವ ಗಂಡಸರದು 88 ನಿಮಿಷ. ಎಲ್ಲಿ ಸೋವಿ, ಯಾವಾಗ ಕೊಂಡರೆ ಲಾಭ, ಹಳೇ ಕಾಲುಚೀಲ ಇನ್ನೊಂದು ತಿಂಗಳು ಬಂದೀತೇ ಎಂಬ ಲೆಕ್ಕವೆಲ್ಲ ನಡೆಯುವುದು ಆ ನಿಮಿಷಗಳ ಒಳಗೇ.

ಇನ್ನು ಡಬ್ಬಿ ಕೆಲಸ ಮಾಡುವ ಬಗೆ. ಹಳೆಯ ಅರ್ಥಶಾಸ್ತ್ರಕ್ಕೆ ರೂಪಾಯಿ ಎಂದರೆ ರೂಪಾಯಿ, ಯಾವ ಜೇಬಿನಲ್ಲಿದ್ದರೇನು? ಮನುಷ್ಯರು ಹಾಗೆ ಬದುಕುವುದಿಲ್ಲ, ಬಾಡಿಗೆಯ ದುಡ್ಡು ಬೇರೆ, ಹಬ್ಬದ ದುಡ್ಡು ಬೇರೆ ಎಂದು ಮನಸ್ಸಿನಲ್ಲೇ ಖಾತೆ ಮಾಡಿಕೊಳ್ಳುತ್ತಾರೆ ಎಂದು ತೋರಿಸಿದವರು ಅಮೆರಿಕದ ರಿಚರ್ಡ್ ಥೇಲರ್. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮಲ್ಲಿ ಇದಕ್ಕೆ ನೊಬೆಲ್ ಬೇಕಿರಲಿಲ್ಲ, ಮುಡಿಪು ಸಾಕಿತ್ತು. ತಿರುಪತಿಗೆಂದೋ ಧರ್ಮಸ್ಥಳಕ್ಕೆಂದೋ ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಕಟ್ಟಿಟ್ಟ ದುಡ್ಡನ್ನು ಎಂಥ ಕಷ್ಟದಲ್ಲೂ ಮನೆಯವರು ಮುಟ್ಟುವುದಿಲ್ಲ. ಕೈಸಾಲಕ್ಕೆ ನೂರಕ್ಕೆ ಮೂರರಂತೆ ಬಡ್ಡಿ ಕೊಟ್ಟಾರು, ಗಂಟು ಬಿಚ್ಚಲಾರರು. ಬಿಚ್ಚಲೇಬೇಕಾಗಿ ಬಂದರೆ ತಪ್ಪುಕಾಣಿಕೆ ಸೇರಿಸಿ ಮತ್ತೆ ಕಟ್ಟಿಡುತ್ತಾರೆ. ತನ್ನ ಮೇಲೆ ತಾನೇ ದಂಡ ಹಾಕಿಕೊಳ್ಳುವ ಇಂಥ ಉಳಿತಾಯ ಖಾತೆಯನ್ನು ಯಾವ ಬ್ಯಾಂಕೂ ಇನ್ನೂ ತೆರೆದಿಲ್ಲ.

ಇದನ್ನು ಪ್ರಯೋಗ ಮಾಡಿ ನೋಡಿದವರೂ ಇದ್ದಾರೆ. ಪಾಸ್ಕಲೀನ್ ದ್ಯುಪಾ ಮತ್ತು ಜೊನಾಥನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಕೀನ್ಯಾದ ಹಳ್ಳಿಗಳಲ್ಲಿ, ನಮ್ಮ ಚೀಟಿಯಂಥ ಗುಂಪುಗಳಲ್ಲಿದ್ದವರ ನಡುವೆ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರೋಗ್ಯದ ಖರ್ಚಿಗೆ ಕೂಡಿಡಿ ಎಂದು ಎಲ್ಲರಿಗೂ ಹೇಳಿ, ಕೆಲವರಿಗೆ ಒಂದು ಕಬ್ಬಿಣದ ಪೆಟ್ಟಿಗೆ, ಬೀಗ, ಬೀಗದ ಕೈ ಕೊಟ್ಟರು. ಬಡ್ಡಿಯಿಲ್ಲ, ಬಹುಮಾನವಿಲ್ಲ, ಬೇಕೆಂದಾಗ ತೆಗೆಯಬಹುದು. ಅಷ್ಟಕ್ಕೇ ಆರೋಗ್ಯಕ್ಕೆಂದು ಕೂಡಿಟ್ಟ ಮೊತ್ತ ಶೇ 66ರಷ್ಟು ಏರಿತು. ಇನ್ನು ಕೆಲವರಿಗೆ ಪೆಟ್ಟಿಗೆ ಕೊಟ್ಟು ಬೀಗದ ಕೈಯನ್ನು ಬೇರೆಯವರ ಬಳಿ ಇಟ್ಟರು. ಅದರಿಂದ ಅಂಥ ಪ್ರಯೋಜನ ಕಾಣಲಿಲ್ಲ, ತಮ್ಮ ದುಡ್ಡೇ ತಮ್ಮ ಕೈಗೆ ಸಿಗದಂತಾಗುವುದು ಜನರಿಗೆ ಬೇಡವಾಗಿತ್ತು. ಒಂದೇ ಉದ್ದೇಶಕ್ಕೆ ಕಟ್ಟಿಹಾಕಿದ ಉಳಿತಾಯ ನಿಜವಾಗಿ ನೆರವಾದದ್ದು ಎರಡು ಕಡೆ: ದಿಢೀರ್ ಕಾಯಿಲೆಗೆಂದು ಇಟ್ಟಾಗ, ಮತ್ತು ನೆಂಟರಿಷ್ಟರು ಪದೇಪದೇ ಕೈಚಾಚುವವರಿಗೆ.

ಈ ಕೊನೆಯ ಮಾತನ್ನು ಓದಿದಾಗ ಕೀನ್ಯಾ ಎಷ್ಟು ಹತ್ತಿರವೆನಿಸಿತು. ಕೈಯಲ್ಲಿದೆ ಎಂದು ಗೊತ್ತಾದರೆ ಕೇಳುವವರಿಗೆ ನಮ್ಮಲ್ಲೇನು ಬರವೇ? ಮೈದುನನ ಬೈಕಿನ ಕಂತು, ನಾದಿನಿಯ ಮಗುವಿನ ನಾಮಕರಣ, ಪಕ್ಕದ ಮನೆಯವರ ಗ್ಯಾಸ್ ಸಿಲಿಂಡರು. ಇಲ್ಲ ಎನ್ನುವುದು ನಮ್ಮ ಸಂಸಾರಗಳಲ್ಲಿ ಬಲು ಕಷ್ಟದ ಮಾತು. ‘ಇಲ್ಲ’ ಎನ್ನಲಾಗದವರು ‘ಇದೆ, ಆದರೆ ಅದು ಮಗಳ ಕಿವಿಯೋಲೆಗೆ ಎತ್ತಿಟ್ಟದ್ದು’ ಎಂದರೆ ಕೇಳಿದವರಿಗೂ ಬೇಸರವಿಲ್ಲ, ಹೇಳಿದವರಿಗೂ ಪಾಪಪ್ರಜ್ಞೆಯಿಲ್ಲ. ಡಬ್ಬಿಯ ದುಡ್ಡಿಗೆ ಹೆಸರಿರಬೇಕು ಎನ್ನುವುದು ಇದಕ್ಕೇ. ಹೆಸರಿಲ್ಲದ ದುಡ್ಡಿಗೆ ನೂರು ವಾರಸುದಾರರು.

ಸ್ತ್ರೀಶಕ್ತಿ ಸಂಘಗಳು ಗೆದ್ದದ್ದರಲ್ಲೂ ಈ ಗುಟ್ಟಿನ ಪಾಲಿದೆ. ಹಳ್ಳಿಯ ಹೆಂಗಸರು ಹತ್ತಿಪ್ಪತ್ತು ಮಂದಿ ಸೇರಿ ವಾರಕ್ಕಿಷ್ಟು ಎಂದು ಕೂಡಿಡುವ ಸ್ವಸಹಾಯ ಗುಂಪುಗಳನ್ನು ಎಂಬತ್ತರ ದಶಕದ ನಡುವಿನಲ್ಲಿ ಮೊದಲು ಬೆಳೆಸಿದವರಲ್ಲಿ ಕರ್ನಾಟಕದ ಮೈರಾಡ ಸಂಸ್ಥೆ ಒಂದು. 1992ರಲ್ಲಿ ನಬಾರ್ಡ್ ಅವನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ತಂದಿತು. ಸಾಲ ಸಿಗುತ್ತದೆ, ವ್ಯವಹಾರ ತಿಳಿಯುತ್ತದೆ, ಅದೆಲ್ಲ ಸರಿ. ಅದರಷ್ಟೇ ದೊಡ್ಡದು, ‘ಸಂಘಕ್ಕೆ ಕಟ್ಟಬೇಕು’ ಎಂಬ ಎರಡು ಪದ. ಶನಿವಾರ ಸಂಜೆ ಕುಡಿಯಲು ದುಡ್ಡು ಕೇಳುವ ಗಂಡನಿಗೆ ಹೆಂಡತಿ ಹೇಳಿದರೆ ಜಗಳ, ಸಂಘ ಹೇಳಿದರೆ ನಿಯಮ.

ಚೀಟಿಯದು ಇನ್ನೊಂದು ದಾರಿ. ಇಪ್ಪತ್ತು ಜನ ತಿಂಗಳಿಗೆ ಸಾವಿರದಂತೆ ಕಟ್ಟಿದರೆ ಇಪ್ಪತ್ತು ಸಾವಿರದ ಚೀಟಿ. ತುರ್ತಿದ್ದವರು ನಾಲ್ಕು ಸಾವಿರ ಬಿಟ್ಟು ಹದಿನಾರಕ್ಕೇ ಚೀಟಿ ಎತ್ತುತ್ತಾರೆನ್ನಿ. ನಡೆಸುವವರ ಕಮಿಷನ್ನು ಕಾನೂನಿನ ಪ್ರಕಾರ ಹೆಚ್ಚೆಂದರೆ ಶೇ 7, ಅಂದರೆ 1,400. ಉಳಿದ 2,600 ಇಪ್ಪತ್ತು ಜನಕ್ಕೆ ತಲಾ 130 ರೂಪಾಯಿಯಂತೆ ಹಂಚಿಹೋಗುತ್ತದೆ. ಕೊನೆಯವರೆಗೆ ಕಾಯುವವರಿಗೆ ಇದೇ ಬಡ್ಡಿ. ಲೆಕ್ಕ ಚೆಂದ, ಅಪಾಯ ಇರುವುದು ನಡೆಸುವವರಲ್ಲಿ. 1982ರ ಚಿಟ್ ಫಂಡ್ ಕಾಯ್ದೆ ಬಂದ ಮೇಲೂ ನೋಂದಣಿಯಿಲ್ಲದ ಚೀಟಿಗಳು ಬೀದಿಬೀದಿಯಲ್ಲಿವೆ, ಚೀಟಿಯಮ್ಮ ರಾತ್ರೋರಾತ್ರಿ ಮನೆ ಖಾಲಿ ಮಾಡಿದ ಸುದ್ದಿ ಪೇಪರಿಗೆ ಬರುವುದು ನಿಂತಿಲ್ಲ. ಚೀಟಿ ಹಾಕಲೇಬೇಕೆಂದರೆ ನೋಂದಣಿಯಾದ ಕಡೆ ಹಾಕಿ, ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಯುಗಾದಿಯ ಹೊಸತೊಡಕಿಗೆ ಹಾಕುವ ಮಟನ್ ಚೀಟಿ, ದೀಪಾವಳಿಯ ಪಟಾಕಿ ಚೀಟಿಗಳನ್ನು ಮಾತ್ರ ಬೈಯಲು ನನಗೆ ಮನಸ್ಸಿಲ್ಲ. ಅಷ್ಟು ಖುಷಿಯಿಂದ ವರ್ಷವಿಡೀ ದುಡ್ಡು ಕಟ್ಟಿಸುವ ಯೋಜನೆ ಬೇರೆ ಯಾವುದಿದೆ?

ಈಗ ಡಬ್ಬಿಗೆ ಹೊಸ ಶತ್ರು ಬಂದಿದೆ. ಫೋನು. 2016ರಲ್ಲಿ ಬಂದ ಯುಪಿಐ ಹತ್ತು ವರ್ಷದೊಳಗೆ ಸೊಪ್ಪಿನ ಗಾಡಿಯವರೆಗೂ ತಲುಪಿತು. ಹಾಲಿನವನಿಗೆ, ಹೂವಾಡಗಿತ್ತಿಗೆ, ದಿನಸಿ ಅಂಗಡಿಗೆ ಗಂಡನೇ ಆಫೀಸಿನಲ್ಲಿ ಕುಳಿತು ಕಳಿಸಿಬಿಡುತ್ತಾನೆ. ಚಿಲ್ಲರೆ ಎಂಬುದೇ ಇಲ್ಲ ಎಂದ ಮೇಲೆ ಚಿಲ್ಲರೆ ಉಳಿಯುವುದಾದರೂ ಹೇಗೆ? ಹೆಂಡತಿಯೇ ಫೋನಿನಿಂದ ಕೊಟ್ಟರೂ ಖಾತೆ ಗಂಡನದಾದರೆ, ಪ್ರತಿ ಇಪ್ಪತ್ತು ರೂಪಾಯಿಗೂ ಅವನ ಮೊಬೈಲಿಗೆ ಸಂದೇಶ. ಲೆಕ್ಕ ಪಾರದರ್ಶಕವಾಯಿತೆಂದು ಹಿಗ್ಗುವವರಿದ್ದಾರೆ. ಒಬ್ಬರ ಖರ್ಚು ಮಾತ್ರ ಕಾಣುವ ಪಾರದರ್ಶಕತೆಗೆ ಕನ್ನಡದಲ್ಲಿ ಕಾವಲು ಎನ್ನುತ್ತಾರೆ. ಹೆಂಡತಿಗೆ ತನ್ನದೇ ಖಾತೆ, ತನ್ನದೇ ಫೋನ್ ನಂಬರು ಇರುವ ಮನೆಯಲ್ಲಿ ಈ ತಕರಾರಿಲ್ಲ. ಅಲ್ಲಿ ಡಬ್ಬಿ ಫೋನಿನೊಳಗೆ ಹೋಗಿ ಕೂತಿದೆ, ಅಷ್ಟೆ.

ತನ್ನದೇ ಖಾತೆ ಎಂದಾಗ ಗೃಹಲಕ್ಷ್ಮಿಯ ಮಾತು ಬರಲೇಬೇಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಸರ್ಕಾರದ ಬೊಕ್ಕಸಕ್ಕೆ ಇದು ಹೊರೆಯೇ ಅಲ್ಲವೇ ಎಂಬ ಚರ್ಚೆ ಬೇರೆ ದಿನಕ್ಕಿರಲಿ. ಈ ಅಂಕಣಕ್ಕೆ ಬೇಕಾದದ್ದು, ಆ ದುಡ್ಡು ಏನಾಯಿತು ಎಂಬುದು. ಫ್ರಿಜ್ಜು, ಹೊಲಿಗೆ ಯಂತ್ರ, ಮಗನ ಪುಸ್ತಕ ಕೊಂಡವರ ಸುದ್ದಿಗಳು ಬಂದವು. ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ಅಜ್ಜಿ ಕಂತುಗಳನ್ನೆಲ್ಲ ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದರು. ಅದೇ ಜಿಲ್ಲೆಯ ಇನ್ನೊಬ್ಬರು ಊರಲ್ಲಿ ಗ್ರಂಥಾಲಯ ಮಾಡಿಸಿದರು. ಕಂತು ತಿಂಗಳುಗಟ್ಟಲೆ ತಡವಾದಾಗ ಬೈದುಕೊಂಡವರು ಬಹಳ. ಆದರೆ ತಡವಾಗಿ ಎರಡು ಮೂರು ಕಂತು ಒಟ್ಟಿಗೆ ಬಿದ್ದಾಗಲೇ ದೊಡ್ಡ ಸಾಮಾನು ಮನೆಗೆ ಬಂದದ್ದೂ ಉಂಟು.

ಈ ಪಟ್ಟಿಗಳಲ್ಲಿ ನನಗೆ ಕಾಣುವ ಕೊರತೆ ಒಂದೇ. ಹೆಂಗಸರ ಡಬ್ಬಿಯಲ್ಲಿ ಹೆಂಗಸರ ಹೆಸರಿನ ಗುರಿ ಬಹಳ ಕಡಿಮೆ. ಮಗಳ ಓಲೆ, ಮಗನ ಸೈಕಲ್ಲು, ಗಂಡನ ಕನ್ನಡಕ, ಅತ್ತೆಯ ಕಾಶಿಯಾತ್ರೆ, ಇವೆಲ್ಲ ಇರುತ್ತವೆ. ‘ನಾನು ಸ್ಕೂಟರ್ ಕಲಿಯಬೇಕು’, ‘ಬಿಟ್ಟುಹೋದ ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಬೇಕು’, ‘ನನ್ನ ಹಲ್ಲು ಸರಿಮಾಡಿಸಿಕೊಳ್ಳಬೇಕು’, ‘ಗೆಳತಿಯರ ಜೊತೆ ನಾಲ್ಕು ದಿನ ಸಮುದ್ರ ನೋಡಿಬರಬೇಕು’ ಎಂದು ಬರೆದ ಡಬ್ಬಿ ಎಷ್ಟು ಮನೆಗಳಲ್ಲಿದೆ? ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ‘ಅಯ್ಯೋ, ನನಗೇನ್ರೀ ಬೇಕು’ ಎನ್ನುತ್ತಾರೆ. ಎರಡನೇ ಸಲ ಕೇಳಿದರೆ ಉತ್ತರ ಬರುತ್ತದೆ. ಅದು ಹೊಸದಾಗಿ ಹೊಳೆದದ್ದಲ್ಲ, ಇಪ್ಪತ್ತು ವರ್ಷದಿಂದ ತಯಾರಾಗಿಯೇ ಇದ್ದದ್ದು. ಅದಕ್ಕೊಂದು ಬೇರೆ ಡಬ್ಬಿ ಇಡಿ, ದೊಡ್ಡದೇನೂ ಬೇಡ. ಸ್ಕೂಟರ್ ಕಲಿಯುವ ಡಬ್ಬಿಯ ದುಡ್ಡು ಗ್ಯಾಸಿಗೆ ಹೋದರೂ ಅದೆಲ್ಲಿಂದ ಹೋಯಿತು ಎಂದು ಮನೆಯವರಿಗೆ ತಿಳಿದಿರುತ್ತದೆ, ಮುಂದಿನ ತಿಂಗಳು ತುಂಬಿಕೊಡುವ ಹೊಣೆಯೂ ಬರುತ್ತದೆ.

ಇನ್ನು ಆಕಸ್ಮಿಕಗಳ ಕಡೆಗೆ. ಹಬ್ಬದ ಶುಚಿಯಲ್ಲಿ ಸಿಕ್ಕಿದ್ದೆಲ್ಲ ಒಂದೇ ತರಹದ್ದಲ್ಲ, ಸಿಕ್ಕಿದ ಮೇಲೆ ಏನು ಮಾಡಬೇಕೆಂಬುದೂ ಬೇರೆಬೇರೆ.

ಗೆದ್ದಲು ತಿಂದ ನೋಟು ಸಿಕ್ಕರೆ ಎಸೆಯಬೇಡಿ. ನಮ್ಮ ನೋಟಿನ ಕಾಗದ ಹತ್ತಿಯದು, ಅದರ ಗಿರಣಿಯೊಂದು ಮೈಸೂರಿನಲ್ಲೇ ಇದೆ. ಅರಳೆಯ ನಾರು ಗೆದ್ದಲಿಗೆ ಒಳ್ಳೆಯ ಊಟ, ಮರದ ಬೀರುವಿನ ತಳದಲ್ಲಿ ನೋಟು ಇಡಬಾರದೆನ್ನುವುದು ಅದಕ್ಕೇ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 50 ರೂಪಾಯಿ ಮತ್ತು ಮೇಲಿನ ನೋಟಿನಲ್ಲಿ ಉಳಿದ ಅತಿ ದೊಡ್ಡ ಅಖಂಡ ತುಂಡು ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ ಸಿಗುತ್ತದೆ. ಶೇ 40ರಿಂದ 80ರವರೆಗೆ ಇದ್ದರೆ ಅರ್ಧ, ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. 20 ರೂಪಾಯಿ ಮತ್ತು ಕೆಳಗಿನದಕ್ಕೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಸಾಕು. ಬದಲಾಯಿಸಿಕೊಡುವುದು ಬ್ಯಾಂಕ್ ಶಾಖೆಗಳ ಕರ್ತವ್ಯ, ನಿಮ್ಮ ಖಾತೆ ಅಲ್ಲಿ ಇರಬೇಕೆಂದೇನಿಲ್ಲ. ತೀರಾ ಸುಟ್ಟು, ಮುಟ್ಟಿದರೆ ಪುಡಿಯಾಗುವಂಥದ್ದನ್ನು ಮಾತ್ರ ರಿಸರ್ವ್ ಬ್ಯಾಂಕಿನ ಕಚೇರಿಗೇ ಒಯ್ಯಬೇಕು. ಅಂಟು ಹಚ್ಚಿ, ಬೇರೆ ಚೂರು ಸೇರಿಸಿ ಜಾಣತನ ತೋರಿಸಲು ಹೋಗಬೇಡಿ, ಆಗ ಇದ್ದದ್ದೂ ಹೋಗುತ್ತದೆ.

ಎರಡು ಸಾವಿರದ ನೋಟು ಸಿಕ್ಕರೆ ಗಾಬರಿ ಬೇಡ. ಅದನ್ನು ಚಲಾವಣೆಯಿಂದ ಹಿಂತೆಗೆಯುವುದಾಗಿ 2023ರ ಮೇ 19ರಂದು ಪ್ರಕಟವಾಯಿತು, ಬ್ಯಾಂಕುಗಳಲ್ಲಿ ಬದಲಾವಣೆ ಆ ವರ್ಷದ ಅಕ್ಟೋಬರ್ 7ಕ್ಕೆ ನಿಂತಿತು. ಆದರೆ ಅದು ರದ್ದಾದ ನೋಟಲ್ಲ. ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಅದಕ್ಕೆ ಬೆಲೆಯಿದೆ, ಬೆಂಗಳೂರಿನ ನೃಪತುಂಗ ರಸ್ತೆಯದೂ ಅವುಗಳಲ್ಲೊಂದು. ಬೀದರಿನಲ್ಲೋ ಕಾರವಾರದಲ್ಲೋ ಇರುವವರು ಅಂಚೆಯ ಮೂಲಕ ಕಳಿಸಿ ಖಾತೆಗೆ ಜಮೆ ಮಾಡಿಸಿಕೊಳ್ಳಲು ಅವಕಾಶವಿದೆ.

2016ರಲ್ಲಿ ರದ್ದಾದ ಹಳೇ ಐನೂರು, ಸಾವಿರದ ಕಂತೆಯಾದರೆ ಮಾತ್ರ ಅದು ಕಾಗದವೇ. ಅಷ್ಟಕ್ಕೇ ಮುಗಿಯುವುದಿಲ್ಲ. 2017ರ ಕಾಯ್ದೆಯ ಪ್ರಕಾರ ಅಂಥ ಹತ್ತಕ್ಕಿಂತ ಹೆಚ್ಚು ನೋಟು ಇಟ್ಟುಕೊಳ್ಳುವುದು ದಂಡನೀಯ, ದಂಡ ಹತ್ತು ಸಾವಿರ ಅಥವಾ ನೋಟಿನ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅದು. ಅಧ್ಯಯನಕ್ಕೆ, ನಾಣ್ಯಸಂಗ್ರಹಕ್ಕೆ 25ರವರೆಗೆ ವಿನಾಯಿತಿ ಇದೆ. ಅಜ್ಜಿಯ ನೆನಪಿಗೆ ಒಂದೆರಡು ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಕಮಿಷನ್ನಿಗೆ ಬದಲಾಯಿಸಿ ಕೊಡುತ್ತೇನೆಂದು ಬರುವವನು ಮೋಸಗಾರ, ಅನುಮಾನವೇ ಬೇಡ.

ಮಕ್ಕಳ ಮಣ್ಣಿನ ಹುಂಡಿ ಒಡೆದಾಗ ಸಿಗುವ ನಾಲ್ಕಾಣೆ 2011ರ ಜೂನ್ 30ರಿಂದ ನಡೆಯುವುದಿಲ್ಲ, ಎಂಟಾಣೆ ಕಾನೂನಿನ ಪ್ರಕಾರ ಈಗಲೂ ನಡೆಯುತ್ತದೆ. ಅಂಗಡಿಯವರು ಅದನ್ನು ತೆಗೆದುಕೊಳ್ಳುವುದಿಲ್ಲವೆಂಬುದು ಬೇರೆ ಮಾತು. ಹತ್ತು ರೂಪಾಯಿ ನಾಣ್ಯ ಯಾವ ವಿನ್ಯಾಸದ್ದಾದರೂ ಚಲಾವಣೆಯದೇ.

ನಿಜವಾದ ನಿಧಿ ಪಾಸ್‌ಬುಕ್ಕು. ಎರಡು ವರ್ಷ ವ್ಯವಹಾರವಿಲ್ಲದ ಖಾತೆಯನ್ನು ಬ್ಯಾಂಕು ನಿಷ್ಕ್ರಿಯವೆಂದು ಬರೆದಿಡುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ದುಡ್ಡು ರಿಸರ್ವ್ ಬ್ಯಾಂಕು 2014ರಲ್ಲಿ ಶುರುಮಾಡಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಹೋದರೂ ಕೈಬಿಟ್ಟಂತಲ್ಲ. ಖಾತೆದಾರರೋ ವಾರಸುದಾರರೋ ಯಾವಾಗ ಬೇಕಾದರೂ ಆ ಬ್ಯಾಂಕಿಗೇ ಹೋಗಿ ಕೇಳಬಹುದು. ಯಾವ ಬ್ಯಾಂಕೆಂದು ಗೊತ್ತಿಲ್ಲದವರು ಹೆಸರು ಹಾಕಿ ಹುಡುಕಲು 2023ರ ಆಗಸ್ಟ್‌ನಲ್ಲಿ ‘ಉದ್ಗಮ್’ ಎಂಬ ಜಾಲತಾಣ ಬಂತು. ಮನೆಯ ಹಿರಿಯರ ಹೆಸರು ಒಮ್ಮೆ ಅಲ್ಲಿ ಹಾಕಿ ನೋಡುವುದಕ್ಕೆ ಐದು ನಿಮಿಷ ಸಾಕು.

ಹಾಗಾದರೆ ಡಬ್ಬಿಯಲ್ಲಿ ಎಷ್ಟಿರಬೇಕು? ಒಂದು ರಾತ್ರಿ ಆಸ್ಪತ್ರೆಗೆ ಓಡುವಷ್ಟು, ಫೋನು ಸತ್ತಾಗ ಮೂರು ದಿನ ಮನೆ ನಡೆಯುವಷ್ಟು, ಜೊತೆಗೆ ಈ ವರ್ಷದೊಳಗೆ ಮುಗಿಯುವ ಒಂದು ಪುಟ್ಟ ಗುರಿಯಷ್ಟು. ವರ್ಷ ದಾಟುವ ಆಸೆಗಳು ಡಬ್ಬಿಯಲ್ಲಿ ಕೊಳೆಯಬಾರದು. ಅಂಚೆ ಕಚೇರಿಯ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಐದು ವರ್ಷದ ಅವಧಿ. ತಿಂಗಳಿಗೆ ಸಾವಿರದಂತೆ ಕಟ್ಟಿದರೆ ಶೇ 6.7ರ ದರದಲ್ಲಿ, ಕಟ್ಟಿದ 60 ಸಾವಿರಕ್ಕೆ ಕೊನೆಗೆ 71 ಸಾವಿರಕ್ಕೂ ತುಸು ಹೆಚ್ಚು ಕೈಗೆ ಬರುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದವರೆಗೆ ಸಾಲವೂ ಸಿಗುತ್ತದೆ. ಆ ಪಾಸ್‌ಬುಕ್ಕಿನ ರಟ್ಟಿನ ಮೇಲೂ ‘ಸ್ಕೂಟರ್’ ಎಂದೇ ಬರೆದಿಡಿ, ಡಬ್ಬಿಯ ಗುಣ ಅದಕ್ಕೂ ಬಂದೀತು.

ಗುಟ್ಟು ಒಳ್ಳೆಯದೇ, ಆದರೆ ಪೂರ್ತಿ ಗುಟ್ಟು ಕೆಟ್ಟದ್ದು. ಇಟ್ಟವರೇ ಇಲ್ಲವಾದ ಮೇಲೆ ಸಿಕ್ಕ ದುಡ್ಡು ಎಷ್ಟೋ ಮನೆಗಳಲ್ಲಿ ಮಕ್ಕಳ ನಡುವೆ ಜಗಳ ತಂದಿದೆ, ಸಿಗದೇ ಹೋದದ್ದಂತೂ ಗುಜರಿಯವನ ಪಾಲಾಗಿದೆ. ಗಂಡನಿಗೆ ಹೇಳಲು ಮನಸ್ಸಿಲ್ಲದಿದ್ದರೆ ಮಗಳಿಗೆ ಹೇಳಿ, ತಂಗಿಗೆ ಹೇಳಿ, ಯಾರಾದರೊಬ್ಬರಿಗೆ ಹೇಳಿ. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಯಾವುದಕ್ಕೆ, ಎಷ್ಟು, ಯಾವ ತಿಂಗಳಿಗೆ. ಈ ಹಬ್ಬದ ಗುಡಿಸುವಿಕೆಯಲ್ಲಿ ಸಿಕ್ಕ ಪ್ರತಿ ಪಾಸ್‌ಬುಕ್ಕಿನಲ್ಲೂ ನಾಮಿನಿ ಹೆಸರಿದೆಯೇ ನೋಡಿ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ವರನ್ನು ನಾಮಿನಿ ಮಾಡಬಹುದು, ಅದಕ್ಕೆ ಬ್ಯಾಂಕಿಗೆ ಕಾಸು ಕೊಡಬೇಕಾಗಿಲ್ಲ.